ನಲವತ್ತೆರಡು ದಿನದ ನಂಟು

ಅಮೆರಿಕದ ರಾಲೀ ಊರಿನ ಐಸ್ ಹಾಕಿ ತಂಡ ವರ್ಷ ವರ್ಷವೂ ಗೆಲ್ಲುತ್ತದೆ, ಕೊನೆಯ ಹೊಸಿಲಲ್ಲಿ ಎಡವುತ್ತದೆ. ದೊಡ್ಡ ತಾರೆಯನ್ನು ತನ್ನಿ ಎನ್ನುತ್ತಾರೆ ಅಭಿಮಾನಿಗಳು. ದರ ಸರಿಹೊಂದಿದರೆ ಮಾತ್ರ ಎನ್ನುತ್ತದೆ ಆಡಳಿತ. 2025ರ ಚಳಿಗಾಲದಲ್ಲಿ ತಾರೆ ಬಂದೇ ಬಿಟ್ಟರು. ಉಳಿದದ್ದು ಆರು ವಾರ!

ಡಲ್ಲಾಸ್, 2025ರ ಮೇ 3. ಪ್ಲೇಆಫ್ ಸರಣಿಯಲ್ಲಿ ಆರು ಪಂದ್ಯ ಆಡಿ ಮೂರು–ಮೂರು ಸಮ ಮಾಡಿಕೊಂಡ ಎರಡು ತಂಡಗಳಿಗೆ ಉಳಿದದ್ದು ಇದೊಂದೇ ಪಂದ್ಯ. ಸೋತವರು ಮನೆಗೆ. ಮೂರನೇ ಅವಧಿ ನಡೆಯುತ್ತಿದೆ, ಕೊಲೊರಾಡೊ 2–0 ಮುಂದಿದೆ.

ಆಗ ಡಲ್ಲಾಸಿನ ಹಸಿರು ಜೆರ್ಸಿ ತೊಟ್ಟ ಆರಡಿ ನಾಲ್ಕಂಗುಲದ ಫಿನ್ಲೆಂಡ್ ಆಟಗಾರ ಮಿಕ್ಕೊ ರಾಂಟನೆನ್ ಒಂದು ಗೋಲು ಹೊಡೆದರು. ಕೆಲವೇ ನಿಮಿಷಕ್ಕೆ ಇನ್ನೊಂದು. ಮುಂದಿನದನ್ನು ಜೊತೆಗಾರ ವ್ಯಾಟ್ ಜಾನ್‌ಸ್ಟನ್ ಹೊಡೆಯುವಂತೆ ಒದಗಿಸಿಕೊಟ್ಟರು. ಕೊಲೊರಾಡೊ ಬೇರೆ ದಾರಿಯಿಲ್ಲದೆ ತನ್ನ ಗೋಲಿಯನ್ನು ಹೊರಗೆ ಕರೆಸಿಕೊಂಡಾಗ ಖಾಲಿ ಬಲೆಗೆ ಮೂರನೆಯದನ್ನೂ ಸೇರಿಸಿದರು. ಆಟ ಮುಗಿದಾಗ 4–2. ಹ್ಯಾಟ್ರಿಕ್ ಹೊಡೆದವರಿಗೆ ಅಂಕಣಕ್ಕೆ ಟೋಪಿ ಎಸೆದು ಗೌರವಿಸುವುದು ಅಲ್ಲಿನ ವಾಡಿಕೆ. ಬಿಳಿ ಹಿಮದ ಮೇಲೆ ಟೋಪಿಗಳು ಸುರಿದವು.

ಆ ಟೋಪಿಗಳ ಮಳೆ ನೋಡಿ ಎರಡು ಊರುಗಳು ಸಂಕಟಪಟ್ಟವು. ಒಂದು ಡೆನ್ವರ್. ರಾಂಟನೆನ್‌ರನ್ನು 2015ರಲ್ಲಿ ಹುಡುಗನಾಗಿ ಆರಿಸಿಕೊಂಡು ಬೆಳೆಸಿ, ಅವರೊಂದಿಗೆ 2022ರ ಲೀಗ್ ಕಪ್ಪು ಗೆದ್ದು, ಆಮೇಲೆ ಕೈಬಿಟ್ಟ ಕೊಲೊರಾಡೊ ತಂಡದ ಊರು. ಇನ್ನೊಂದು, ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲೀ. ಇದೇ ರಾಂಟನೆನ್ ಎರಡು ತಿಂಗಳ ಹಿಂದಷ್ಟೇ ಅಲ್ಲಿನ ಕ್ಯಾರೊಲೈನಾ ಹರಿಕೇನ್ಸ್ ತಂಡದ ಕೆಂಪು ಜೆರ್ಸಿಯಲ್ಲಿದ್ದರು. ಅಲ್ಲಿ ಅವರು ಆಡಿದ್ದು 13 ಪಂದ್ಯ, ಹೊಡೆದದ್ದು 2 ಗೋಲು.

ಪ್ರತಿ ಮಾರ್ಚ್ ಬಂತೆಂದರೆ ರಾಲೀಯ ಅಭಿಮಾನಿಗಳು ಒಂದೇ ಪ್ರಶ್ನೆಗೆ ಮರಳುತ್ತಾರೆ. ನಮ್ಮವರು ದೊಡ್ಡ ಆಟಗಾರನನ್ನು ತರಲು ಯಾಕಿಷ್ಟು ಹಿಂಜರಿಯುತ್ತಾರೆ? ಹಿಂಜರಿಯುವುದೇ ಜಾಣತನವೋ, ಅಥವಾ ಅದೇ ನಮ್ಮನ್ನು ಕಪ್ಪಿನಿಂದ ದೂರ ಇಟ್ಟಿದೆಯೋ? ಮೇ 3ರ ರಾತ್ರಿಯಿಂದ ಈ ಪ್ರಶ್ನೆಗೆ ನೋವಿನ ದನಿ ಬಂದಿದೆ.

ಹಿಮ ಬೀಳದ ಊರಿಗೆ ಹಿಮದ ಆಟ

ನಮಗೆ ಹಾಕಿ ಎಂದರೆ ಕೊಡಗಿನ ಮೈದಾನ, ಬೇಸಿಗೆಯ ಬಿಸಿಲು, ಚೆಂಡು. ಅಲ್ಲಿ ಹಾಕಿ ಎಂದರೆ ಹಿಮದ ಹಾಸು, ಕಾಲಿಗೆ ಸ್ಕೇಟು, ಚೆಂಡಿನ ಜಾಗದಲ್ಲಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಕೆನಡಾದವರ ಪಾಲಿಗೆ ಅದು ಉಸಿರು. ರಾಲೀಯಲ್ಲಿ ಮೊದಲು ಹಾಗಿರಲಿಲ್ಲ. ಅದು ಹಿಮ ಅಪರೂಪದ ದಕ್ಷಿಣದ ಸೀಮೆ. ತಂಬಾಕು ಬೆಳೆದ ನೆಲ, ಬ್ಯಾಸ್ಕೆಟ್‌ಬಾಲ್ ಆರಾಧಿಸುವ ಜನ.

1997ರಲ್ಲಿ ಉತ್ತರದ ಹಾರ್ಟ್‌ಫರ್ಡ್ ಊರಿನ ವೇಲರ್ಸ್ ತಂಡ ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂತು. ರಾಲೀಯಲ್ಲಿ ಕ್ರೀಡಾಂಗಣ ಇನ್ನೂ ಸಿದ್ಧವಿರಲಿಲ್ಲ. ಎರಡು ಋತು ಗ್ರೀನ್ಸ್‌ಬರೋದಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡಿತು. ಇಂದು ಅದೇ ತಂಡದ ಆಟವಿದ್ದ ದಿನ ಕ್ರೀಡಾಂಗಣದ ಪಾರ್ಕಿಂಗ್ ಅಂಗಳದಲ್ಲಿ ಗಂಟೆಗಟ್ಟಲೆ ಮೊದಲೇ ಒಲೆ ಹೊತ್ತುತ್ತದೆ. ಕಾರಿನ ಡಿಕ್ಕಿ ತೆರೆದು, ಮಾಂಸ ಸುಡುತ್ತ, ಮಕ್ಕಳು ಅಲ್ಲೇ ಕೋಲು ಹಿಡಿದು ಆಡುತ್ತ, ಊರಿಗೆ ಊರೇ ಜಾತ್ರೆ ಕಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಪಕ್ಕದ ಫುಟ್ಬಾಲ್ ಮೈದಾನದಲ್ಲಿ ಹಿಮ ಹಾಸಿ ಆಡಿದ ಪಂದ್ಯಕ್ಕೆ 56,961 ಜನ ಬಂದರು.

ಈ ಜಾತ್ರೆಯಲ್ಲಿ ಕನ್ನಡವೂ ಕೇಳಿಸುತ್ತದೆ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಿಗೆ ಬಂದ ನಮ್ಮವರು ಕೇರಿ, ಮಾರಿಸ್‌ವಿಲ್ ಊರುಗಳಲ್ಲಿ ಮನೆ ಮಾಡಿದ್ದಾರೆ. ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕಿನಲ್ಲಿ 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳು ನಡೆದವು. ಹರಿಕೇನ್ಸ್ ತಂಡ ಅಭ್ಯಾಸ ಮಾಡುವ ಹಿಮದ ಅಂಕಣ ಇರುವುದೂ ಇದೇ ಊರಿನಲ್ಲಿ. ಅಪ್ಪಂದಿರು ಬ್ಯಾಟು ಹಿಡಿದರೆ, ಅಲ್ಲಿ ಹುಟ್ಟಿದ ಮಕ್ಕಳಿಗೆ ಸ್ಕೇಟು ಬೇಕು.

ಡೆಡ್‌ಲೈನ್ ಮಧ್ಯಾಹ್ನ

ರಾಷ್ಟ್ರೀಯ ಹಾಕಿ ಲೀಗಿನಲ್ಲಿ 32 ತಂಡಗಳು. ಮಾರ್ಚ್ ಆರಂಭದ ಒಂದು ದಿನ ಮಧ್ಯಾಹ್ನ ಮೂರಕ್ಕೆ ಆಟಗಾರರ ಅದಲುಬದಲಿಗೆ ಬಾಗಿಲು ಬೀಳುತ್ತದೆ. ಅದೇ ಡೆಡ್‌ಲೈನ್. ಕಪ್ಪಿನ ಆಸೆಯಿರುವ ತಂಡಗಳು ಮುಂದಿನ ವರ್ಷಗಳ ಹೊಸಬರನ್ನು ಆರಿಸುವ ಹಕ್ಕನ್ನು, ಅಂದರೆ 'ಪಿಕ್'ಗಳನ್ನು ಒತ್ತೆಯಿಟ್ಟು ಈಗಲೇ ಗೋಲು ಹೊಡೆಯಬಲ್ಲವರನ್ನು ತರುತ್ತವೆ. ಹಾಗೆ ಬಂದವರ ಕರಾರು ಜುಲೈ 1ಕ್ಕೆ ಮುಗಿಯುವಂತಿದ್ದರೆ ಅವರು 'ರೆಂಟಲ್'. ಬಾಡಿಗೆಗೆ ಬಂದವರು.

■ ಬಿಗಿ ಹಗ್ಗ
ಸಂಬಳದ ತಕರಾರಿನಿಂದ 2004–05ರ ಋತುವೇ ರದ್ದಾಯಿತು. ಮರುವರ್ಷದಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. ಮೊದಲ ವರ್ಷ 3.9 ಕೋಟಿ ಡಾಲರ್. 2024–25ರಲ್ಲಿ 8.8 ಕೋಟಿ, 2025–26ರಲ್ಲಿ 9.55 ಕೋಟಿ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಈ ಗೆರೆ ದಾಟುವಂತಿಲ್ಲ. ಒಬ್ಬರಿಗೆ 1.2 ಕೋಟಿ ಕೊಟ್ಟರೆ ಇನ್ನಿಬ್ಬರು ಒಳ್ಳೆಯ ಆಟಗಾರರಿಗೆ ಜಾಗವಿಲ್ಲ.

ಹರಿಕೇನ್ಸ್ ಈ ಸಂತೆಯಲ್ಲಿ ಚೌಕಾಸಿಗೆ ಹೆಸರಾದ ತಂಡ. ಟಾಮ್ ಡಂಡನ್ 2018ರ ಜನವರಿಯಲ್ಲಿ ತಂಡದ ಬಹುಪಾಲು ಕೊಂಡಾಗಿನಿಂದ ಪ್ರತಿ ಡಾಲರಿಗೂ ಲೆಕ್ಕ ಕೇಳುವವರು ಎಂಬ ಮಾತಿದೆ. 2024ರ ಜೂನ್‌ನಲ್ಲಿ ಜನರಲ್ ಮ್ಯಾನೇಜರ್ ಆದ ಎರಿಕ್ ಟಲ್ಸ್ಕಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ನ್ಯಾನೊ ತಂತ್ರಜ್ಞಾನದ ಕೆಲಸದಲ್ಲಿದ್ದುಕೊಂಡೇ, ಬಿಡುವಿನಲ್ಲಿ ಒಬ್ಬ ಅಭಿಮಾನಿಯಾಗಿ ಆಟ ನೋಡಿ ಎಣಿಸುತ್ತಿದ್ದರು. ಪಕ್ಕನ್ನು ಎದುರಾಳಿಯ ವಲಯಕ್ಕೆ ಸುಮ್ಮನೆ ಹೊಡೆದು ಹಿಂದೆ ಓಡುವುದಕ್ಕಿಂತ, ಕೋಲಿನಲ್ಲೇ ಹಿಡಿದು ಒಳನುಗ್ಗಿದರೆ ಲಾಭ ಹೆಚ್ಚು ಎಂದು ಅಂಕಿಗಳಲ್ಲಿ ತೋರಿಸಿಕೊಟ್ಟವರಲ್ಲಿ ಅವರೊಬ್ಬರು. ಅಂಥವರ ಕೈಗೆ ತಂಡದ ಕೀಲಿ ಸಿಕ್ಕಿದೆ.

ಈ ಎಚ್ಚರಿಕೆ ಬರಿಯ ಜಿಪುಣತನವಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. 2019ರಲ್ಲಿ ಟೊರೊಂಟೊ ತಂಡ ಪ್ಯಾಟ್ರಿಕ್ ಮಾರ್ಲೊ ಎಂಬ ಹಿರಿಯ ಆಟಗಾರನ 62.5 ಲಕ್ಷ ಡಾಲರಿನ ಭಾರ ಇಳಿಸಲು ಒದ್ದಾಡುತ್ತಿತ್ತು. ಹರಿಕೇನ್ಸ್ ಆ ಭಾರ ಹೊತ್ತುಕೊಂಡಿತು. ಮಾರ್ಲೊ ಇವರಿಗೆ ಒಂದು ಪಂದ್ಯವನ್ನೂ ಆಡಲಿಲ್ಲ, ಹಣ ಕೊಟ್ಟು ಬಿಡುಗಡೆ ಮಾಡಿದರು. ಬದಲಿಗೆ ಸಿಕ್ಕಿದ್ದು ಟೊರೊಂಟೊದ ಮೊದಲ ಸುತ್ತಿನ ಪಿಕ್. 2020ರಲ್ಲಿ ಅದರಿಂದ 13ನೆಯವರಾಗಿ ಆರಿಸಿದ ಹುಡುಗ ಸೆತ್ ಜಾರ್ವಿಸ್. ಇಂದು ರಾಲೀಯ ಕಣ್ಮಣಿ. 2024ರಲ್ಲಿ ಅವರಿಗೆ ಎಂಟು ವರ್ಷದ ಕರಾರು ಕೊಟ್ಟರು. ಸೆಬಾಸ್ಟಿಯನ್ ಅಹೊ, ಜೇಕಬ್ ಸ್ಲೇವಿನ್ ಅವರಿಗೂ ಹಾಗೆಯೇ. ಮನೆಯಲ್ಲಿ ಬೆಳೆದವರಿಗೆ ಇವರು ಕೈಬಿಚ್ಚಿ ಕೊಡುತ್ತಾರೆ.

ಫಲವೂ ಸಿಕ್ಕಿದೆ. 2010ರಿಂದ 2018ರವರೆಗೆ ಒಂಬತ್ತು ವರ್ಷ ಪ್ಲೇಆಫ್ ಮುಖ ನೋಡದ ತಂಡ, 2019ರಿಂದ 2025ರವರೆಗೆ ಒಂದು ವರ್ಷವೂ ತಪ್ಪಿಸಿಕೊಳ್ಳಲಿಲ್ಲ.

ಕೊನೆಯ 4.9 ಸೆಕೆಂಡು

ಹಾಗಾದರೆ ಸಿಟ್ಟು ಯಾಕೆ? 2023ರ ಮೇ ತಿಂಗಳನ್ನು ನೆನೆಯಿರಿ.

ಆ ವರ್ಷದ ಡೆಡ್‌ಲೈನ್‌ಗೆ ಮುನ್ನ ಎಲ್ಲರ ಕಣ್ಣು ಟಿಮೊ ಮೈಯರ್ ಎಂಬ ಗೋಲುಗಾರನ ಮೇಲಿತ್ತು. ಅವರು ನ್ಯೂಜೆರ್ಸಿ ಪಾಲಾದರು. ಹರಿಕೇನ್ಸ್ ತಂದದ್ದು ಸಣ್ಣ ಬೆಲೆಯ ಇಬ್ಬರನ್ನು. ಅಷ್ಟರಲ್ಲಿ ತಂಡದ ಆಂಡ್ರೆ ಸ್ವೆಚ್ನಿಕೊವ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಕೂತರು. ಆದರೂ ತಂಡ ಎರಡು ಸುತ್ತು ಗೆದ್ದು ಕಾನ್ಫರೆನ್ಸ್ ಫೈನಲ್‌ಗೆ, ಅಂದರೆ ಕೊನೆಯ ನಾಲ್ಕು ತಂಡಗಳ ಸುತ್ತಿಗೆ ಬಂತು. ಎದುರಿಗೆ ಫ್ಲಾರಿಡಾ ಪ್ಯಾಂಥರ್ಸ್.

ಮೊದಲ ಪಂದ್ಯ ನಾಲ್ಕು ಹೆಚ್ಚುವರಿ ಅವಧಿಗೆ ಹೋಯಿತು. ನಸುಕಿನ ಸುಮಾರು ಎರಡು ಗಂಟೆಗೆ ಫ್ಲಾರಿಡಾದ ಮ್ಯಾಥ್ಯೂ ಕಚಕ್ ಗೋಲು ಹೊಡೆದು ಮುಗಿಸಿದರು. ಎರಡನೆಯದನ್ನೂ ಹೆಚ್ಚುವರಿ ಅವಧಿಯಲ್ಲಿ ಅವರೇ ಮುಗಿಸಿದರು. ಮೂರನೆಯದು 1–0. ನಾಲ್ಕನೆಯದರಲ್ಲಿ ಗಡಿಯಾರದಲ್ಲಿ 4.9 ಸೆಕೆಂಡು ಉಳಿದಿದ್ದಾಗ ಮತ್ತೆ ಕಚಕ್. ನಾಲ್ಕೂ ಪಂದ್ಯ ಒಂದೊಂದೇ ಗೋಲಿನಿಂದ ಸೋತು ರಾಲೀ ಹೊರಬಿತ್ತು.

ಕಚಕ್ ಫ್ಲಾರಿಡಾಕ್ಕೆ ಬಂದದ್ದು ಹೇಗೆ? 2022ರ ಜುಲೈನಲ್ಲಿ, ತಮ್ಮ ಅಚ್ಚುಮೆಚ್ಚಿನ ಜೊನಾಥನ್ ಹ್ಯೂಬರ್ಡೊ ಮತ್ತು ರಕ್ಷಣೆಯ ಮೆಕೆಂಜಿ ವೀಗರ್ ಇಬ್ಬರನ್ನೂ ಬಿಟ್ಟುಕೊಟ್ಟು, ಮೇಲೊಂದು ಮೊದಲ ಸುತ್ತಿನ ಪಿಕ್ ಸೇರಿಸಿ ತಂದದ್ದು. ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತ ತಂಡವನ್ನೇ ಒಡೆದು ಕಟ್ಟುವ ಎದೆಗಾರಿಕೆ ಅದು. ಮುಂದೆ ಫ್ಲಾರಿಡಾ 2024 ಮತ್ತು 2025ರಲ್ಲಿ ಕಪ್ಪು ಎತ್ತಿತು.

ರಾಲೀಯ ಅಭಿಮಾನಿಗಳ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಗೋಲಿನತ್ತ ಪಕ್ ಹೊಡೆಯುವ ಎಣಿಕೆಯಲ್ಲಿ ನಮ್ಮ ತಂಡ ವರ್ಷ ವರ್ಷವೂ ಮುಂದೆ, ಆದರೆ ಎರಡೂ ಕಡೆ ಉಸಿರು ಕಟ್ಟಿ ನಿಂತ ಗಳಿಗೆಯಲ್ಲಿ ಒಂದೇ ಹೊಡೆತಕ್ಕೆ ಬಲೆ ಅಲುಗಿಸುವವರು ಇಲ್ಲ ಎನ್ನುತ್ತಾರೆ ಅವರು. ನೂರು ಕಲ್ಲೆಸೆದರೆ ಒಂದು ಕಾಯಿ ಬಿದ್ದೀತು. ಪ್ಲೇಆಫ್‌ನಲ್ಲಿ ಎಸೆಯಲು ಸಿಗುವುದು ಎರಡೋ ಮೂರೋ ಕಲ್ಲು.

2024ರಲ್ಲಿ ಆಡಳಿತ ಈ ಮಾತಿಗೆ ಕಿವಿಗೊಟ್ಟಿತು. ಪಿಟ್ಸ್‌ಬರ್ಗಿನಿಂದ ಜೇಕ್ ಗೆಂಟ್ಸೆಲ್‌ರನ್ನು ತಂದರು. ಬಂದವರು 17 ಪಂದ್ಯಗಳಲ್ಲಿ, ಗೋಲು ಮತ್ತು ಗೋಲಿಗೆ ಒದಗಿಸಿಕೊಟ್ಟದ್ದು ಸೇರಿ, 25 ಅಂಕ ಗಳಿಸಿದರು. ಆದರೆ ಎರಡನೇ ಸುತ್ತಿನ ಆರನೇ ಪಂದ್ಯದಲ್ಲಿ, ರಾಲೀಯ ಸ್ವಂತ ಅಂಕಣದಲ್ಲೇ, 3–1 ಮುಂದಿದ್ದಾಗ ನ್ಯೂಯಾರ್ಕ್ ರೇಂಜರ್ಸ್‌ನ ಕ್ರಿಸ್ ಕ್ರೈಡರ್ ಮೂರನೇ ಅವಧಿಯೊಂದರಲ್ಲೇ ಮೂರು ಗೋಲು ಹೊಡೆದರು. ಕಥೆ ಮುಗಿಯಿತು. ಗೆಂಟ್ಸೆಲ್ ಬೇಸಿಗೆಯಲ್ಲಿ ಏಳು ವರ್ಷಕ್ಕೆ 6.3 ಕೋಟಿ ಡಾಲರಿನ ಕರಾರು ಮಾಡಿಕೊಂಡು ಟ್ಯಾಂಪಾ ಸೇರಿದರು.

■ 20 ಡಾಲರಿನ ಸೇಡು
2019ರಲ್ಲಿ ಮಾಂಟ್ರಿಯಲ್ ತಂಡ ಅಹೊ ಅವರನ್ನು ಕಸಿದುಕೊಳ್ಳಲು 'ಆಫರ್ ಶೀಟ್' ಕಳಿಸಿತು. ಹರಿಕೇನ್ಸ್ ಅಷ್ಟೇ ಹಣ ಕೊಟ್ಟು ಉಳಿಸಿಕೊಂಡಿತು. ಎರಡು ವರ್ಷದ ನಂತರ ಮಾಂಟ್ರಿಯಲ್‌ನ ಯೆಸ್ಪೆರಿ ಕೊಟ್ಕನಿಯೆಮಿ ಅವರಿಗೆ ಹರಿಕೇನ್ಸ್ 61 ಲಕ್ಷ ಡಾಲರಿನ ಆಫರ್ ಕಳಿಸಿತು. ಸಹಿ ಹಾಕಿದ್ದಕ್ಕೆ ಕೊಡುವ ಬೋನಸ್ 20 ಡಾಲರ್. ಅಹೊ ಅವರ ಜೆರ್ಸಿ ಸಂಖ್ಯೆಯೂ 20. ಮಾಂಟ್ರಿಯಲ್ ಈ ಸಲ ಆಟಗಾರನನ್ನು ಉಳಿಸಿಕೊಳ್ಳಲಿಲ್ಲ.

ಬಂದರು, ಹೋದರು

2025ರ ಜನವರಿ 24ರ ರಾತ್ರಿ ಬಂದ ಸುದ್ದಿಯನ್ನು ಯಾರೂ ಊಹಿಸಿರಲಿಲ್ಲ. ಮೂರು ತಂಡಗಳ ನಡುವಿನ ವ್ಯವಹಾರದಲ್ಲಿ ಹರಿಕೇನ್ಸ್ ರಾಂಟನೆನ್‌ರನ್ನು ತಂದಿತ್ತು. ಕೊಟ್ಟದ್ದು ಮಾರ್ಟಿನ್ ನೆಚಾಸ್, ಜ್ಯಾಕ್ ಡ್ರೂರಿ ಮತ್ತು ಪಿಕ್‌ಗಳನ್ನು. ನೆಚಾಸ್ ಆಗ 49 ಪಂದ್ಯಗಳಲ್ಲಿ 55 ಅಂಕ ಗಳಿಸಿ ತಂಡದಲ್ಲೇ ಮುಂದಿದ್ದವರು. ವ್ಯಾಪಾರದ ಕೊಸರಿನಂತೆ ಶಿಕಾಗೊದಿಂದ ಟೇಲರ್ ಹಾಲ್ ಬಂದರು.

ಚೌಕಾಸಿ ತಂಡ ಕೊನೆಗೂ ಗಂಟು ಬಿಚ್ಚಿತು ಎಂದು ರಾಲೀ ಸಂಭ್ರಮಿಸಿತು. ಆದರೆ ರಾಂಟನೆನ್‌ರಿಗೆ ಕೊಲೊರಾಡೊ ಬಿಡುವ ಮನಸ್ಸೇ ಇರಲಿಲ್ಲ. ಅವರ ಕರಾರು ಆ ಬೇಸಿಗೆಯಲ್ಲಿ ಮುಗಿಯುತ್ತಿತ್ತು. ಹೊಸ ಕರಾರಿಗೆ ರಾಲೀ ಮುಂದಾಯಿತು. ಅವರು ಸಹಿ ಹಾಕಲಿಲ್ಲ. ಬರಿಗೈಯಾಗುವ ಬದಲು ಸಿಕ್ಕಷ್ಟು ಉಳಿಸಿಕೊಳ್ಳೋಣ ಎಂದು ಮಾರ್ಚ್ 7ರಂದು ಆಡಳಿತ ಅವರನ್ನು ಡಲ್ಲಾಸಿಗೆ ಕಳಿಸಿತು. ಬದಲಿಗೆ ಲೋಗನ್ ಸ್ಟ್ಯಾಂಕೋವನ್ ಎಂಬ ಐದಡಿ ಎಂಟಂಗುಲದ ಚುರುಕು ಹುಡುಗ ಮತ್ತು ನಾಲ್ಕು ಪಿಕ್‌ಗಳು ಬಂದವು. ರಾಂಟನೆನ್ ಡಲ್ಲಾಸಿನೊಂದಿಗೆ ಎಂಟು ವರ್ಷಕ್ಕೆ 9.6 ಕೋಟಿ ಡಾಲರಿಗೆ ಒಪ್ಪಿದರು. ಡಲ್ಲಾಸ್ ಇರುವ ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಫ್ಲಾರಿಡಾದಲ್ಲೂ ಇಲ್ಲ, ನಾರ್ತ್ ಕ್ಯಾರೊಲೈನಾದಲ್ಲಿ ಇದೆ. ಅಭಿಮಾನಿಗಳ ಚರ್ಚೆಯಲ್ಲಿ ಈ ಮಾತೂ ಬಂದೇ ಬರುತ್ತದೆ.

ಅದೇ ಮಾರ್ಚ್ 7ರಂದು ಫ್ಲಾರಿಡಾ ಬಾಸ್ಟನ್ನಿನಿಂದ 36 ವರ್ಷದ ಬ್ರ್ಯಾಡ್ ಮಾರ್ಶಾಂಡ್‌ರನ್ನು ತಂದಿತು. ಮೇ ತಿಂಗಳಲ್ಲಿ ಅದೇ ಫ್ಲಾರಿಡಾ ಮತ್ತೆ ರಾಲೀಗೆ ಎದುರಾಯಿತು, 4–1ರಿಂದ ಗೆದ್ದಿತು. ಆ ಸರಣಿಯ ಮೂರನೇ ಸೋಲಿನ ಹೊತ್ತಿಗೆ, 2009ರಿಂದ ಎಣಿಸಿದರೆ, ಕಾನ್ಫರೆನ್ಸ್ ಫೈನಲ್‌ಗಳಲ್ಲಿ ಹರಿಕೇನ್ಸ್ ಸತತ 15 ಪಂದ್ಯ ಸೋತಿತ್ತು.

ಈಗ ನನ್ನ ಮಾತು. ಮಾರ್ಚ್ 7ರ ನಿರ್ಧಾರವನ್ನು ಹೇಡಿತನ ಎಂದು ಬೈಯುವವರೊಂದಿಗೆ ನಾನಿಲ್ಲ. ಸಹಿ ಹಾಕದ ಆಟಗಾರನನ್ನು ಬಿಟ್ಟು ಸ್ಟ್ಯಾಂಕೋವನ್‌ರಂಥವರನ್ನು ಪಡೆದದ್ದು ಸರಿಯಾದ ಕೆಲಸ. ಅವರು ಆ ಏಪ್ರಿಲ್‌ನ ಮೊದಲ ಪ್ಲೇಆಫ್ ಪಂದ್ಯದಲ್ಲೇ ಎರಡು ಗೋಲು ಹೊಡೆದರು. ತಪ್ಪಿದ್ದರೆ ಅದು ಜನವರಿ 24ರಲ್ಲಿದೆ. ಜಾಗರೂಕತೆಗೆ ಹೆಸರಾದ ಮನೆ ಆ ದಿನ ತನ್ನ ಸ್ವಭಾವ ಬಿಟ್ಟು, ಬರುವ ಮನುಷ್ಯನಿಗೆ ಇಲ್ಲಿ ನೆಲೆಸುವ ಮನಸ್ಸಿದೆಯೇ ಎಂದು ತಿಳಿಯದೆ, ಮನೆಯ ಮಗನನ್ನು ಕೊಟ್ಟಿತು. ಆ ನೆಚಾಸ್ ಮುಂದೆ ಕೊಲೊರಾಡೊದೊಂದಿಗೆ ಎಂಟು ವರ್ಷಕ್ಕೆ 9.2 ಕೋಟಿ ಡಾಲರಿನ ಕರಾರು ಮಾಡಿಕೊಂಡರು. ಅವರು ಅಲ್ಲಿ ಬೇರೂರಿದರು. ರಾಂಟನೆನ್ ಇಲ್ಲಿ ಬೇರೂರಲಿಲ್ಲ.

ಬೆಂಗಳೂರಿನ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. 2024ರ ನವೆಂಬರ್‌ನಲ್ಲಿ ಜೆಡ್ಡಾ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿ ರೂಪಾಯಿಗೆ ದೆಹಲಿ ಪಾಲಾದಾಗ ನಮ್ಮ ಆರ್‌ಸಿಬಿ ಅಭಿಮಾನಿಗಳೂ ಹೀಗೇ ಕುದಿದರು. ಮರುವರ್ಷ ಜೂನ್ 3ರಂದು ಅದೇ ತಂಡ ಕಪ್ಪು ಗೆದ್ದಿತು. ಆದರೆ ಐಪಿಎಲ್ ಹರಾಜಿನಲ್ಲಿ ಸುತ್ತಿಗೆ ಬಿದ್ದಮೇಲೆ ಆಟಗಾರ ಕೂಗಿದವರ ತಂಡಕ್ಕೇ ಹೋಗಬೇಕು. ಅಮೆರಿಕದ ಹಾಕಿಯಲ್ಲಿ ಕೆಲವು ವರ್ಷ ಆಡಿ ಪಳಗಿದ ಆಟಗಾರನ ಕರಾರು ಮುಗಿದ ದಿನ ಆಯ್ಕೆ ಅವನದು. ಎಲ್ಲಿ ಬಾಳಬೇಕು, ಮಕ್ಕಳು ಯಾವ ಊರಿನಲ್ಲಿ ಬೆಳೆಯಬೇಕು, ಯಾರ ಜೊತೆ ಆಡಬೇಕು ಎಂದು ಅವನೇ ತೀರ್ಮಾನಿಸುತ್ತಾನೆ. ಗೋಲುಗಳನ್ನು ಎಣಿಸುವ ಮನೆಗೆ ಆ ಮನಸ್ಸನ್ನು ಓದುವುದು ಗೆಂಟ್ಸೆಲ್ ವಿಷಯದಲ್ಲೂ ಆಗಲಿಲ್ಲ, ರಾಂಟನೆನ್ ವಿಷಯದಲ್ಲೂ ಆಗಲಿಲ್ಲ.

2006ರ ಜೂನ್ ರಾತ್ರಿ

ಹಳೆಯ ಅಭಿಮಾನಿಗಳು ಈ ಹಂತದಲ್ಲಿ 2006ನ್ನು ಎತ್ತುತ್ತಾರೆ. ಆಗಿನ ಮ್ಯಾನೇಜರ್ ಜಿಮ್ ರದರ್ಫರ್ಡ್ ಜನವರಿಯಲ್ಲಿ ಡಗ್ ವೇಟ್‌ರನ್ನು, ಮಾರ್ಚ್‌ನಲ್ಲಿ ಮಾರ್ಕ್ ರೆಕ್ಕಿಯವರನ್ನು ತಂದರು. ಜೂನ್ 19ರಂದು ರಾಲೀಯಲ್ಲಿ ಏಳನೇ ಪಂದ್ಯದಲ್ಲಿ ಎಡ್ಮಂಟನ್ ವಿರುದ್ಧ 3–1. ತಂಡದ ಚರಿತ್ರೆಯ ಮೊದಲ ಕಪ್ಪನ್ನು ನಾಯಕ ರಾಡ್ ಬ್ರಿಂಡಮೂರ್ ಎತ್ತಿದರು. ವೇಟ್, ರೆಕ್ಕಿ ಇಬ್ಬರೂ ಬೇಸಿಗೆಯಲ್ಲೇ ತಮ್ಮ ಹಳೆಯ ಊರುಗಳಿಗೆ ಮರಳಿದರು. ಮರುವರ್ಷ ತಂಡ ಪ್ಲೇಆಫ್‌ಗೂ ಬರಲಿಲ್ಲ.

ಒಂದು ಕಪ್ಪಿಗೆ ಮುಂದಿನ ವರ್ಷಗಳ ಬರವನ್ನು ಕೊಟ್ಟದ್ದಾಯಿತೇ ಎಂದು ಕೇಳಿದರೆ, ಆ ರಾತ್ರಿ ಅಲ್ಲಿದ್ದವರಲ್ಲಿ ಬೇಡವಿತ್ತು ಎನ್ನುವವರು ಸಿಗುವುದು ಕಷ್ಟ. ಅಭಿಮಾನಿಯ ಲೆಕ್ಕವೇ ಬೇರೆ. ಅವನಿಗೆ ಹತ್ತು ವರ್ಷದ ಸರಾಸರಿ ಬೇಡ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ನೋಡುವ ಒಂದು ದಿನ ಬೇಕು. ಆ ಆಸೆಯನ್ನು ಅವಿವೇಕ ಎಂದು ತಳ್ಳುವ ಹಕ್ಕು ಯಾವ ಆಡಳಿತಕ್ಕೂ ಇಲ್ಲ. ಟಿಕೆಟ್ಟಿನ ಹಣ ಕೊಡುವವರು ಅವರು. ಒಂಬತ್ತು ವರ್ಷದ ಬರದಲ್ಲೂ ಕುರ್ಚಿ ಬಿಟ್ಟು ಏಳದವರು ಅವರು.

ಅದೇ ಬ್ರಿಂಡಮೂರ್ 2018ರಿಂದ ತಂಡದ ಕೋಚ್. ಒಬ್ಬೊಬ್ಬರ ಬೆನ್ನು ಹಿಡಿದು ಅಂಕಣದ ತುಂಬ ಓಡಿಸುವ, ಯಾರಿಗೂ ರಿಯಾಯಿತಿ ಇಲ್ಲದ ಆಟ ಅವರದು. ಇಂಥ ಕಡೆ ತಾರೆ ಬಂದು ಹೊಳೆಯಬೇಕಾದರೆ ಮೊದಲು ಬೆವರಬೇಕು. ಕೊಸರಾಗಿ ಬಂದ ಟೇಲರ್ ಹಾಲ್‌ಗೆ ಅದು ಹಿಡಿಸಿತು. 2010ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾಗಿದ್ದ ಅವರು 2025ರ ಏಪ್ರಿಲ್‌ನಲ್ಲಿ ಮೂರು ವರ್ಷಕ್ಕೆ ಇಲ್ಲೇ ಉಳಿಯಲು ಒಪ್ಪಿದರು.

ಜುಲೈನಲ್ಲಿ ಮಾರುಕಟ್ಟೆ ತೆರೆದಾಗ ಡೆನ್ಮಾರ್ಕಿನ ವೇಗದ ಆಟಗಾರ ನಿಕೊಲಾಯ್ ಏಲರ್ಸ್ ಬಿಡುವಾಗಿದ್ದರು. ವಿನ್ನಿಪೆಗ್‌ನಲ್ಲಿ ಹತ್ತು ಋತು ಆಡಿದವರು. ಕೊಳ್ಳಲು ಸಾಲುಗಟ್ಟಿದ ತಂಡಗಳಲ್ಲಿ ಅವರು ರಾಲೀಯನ್ನು ತಾವೇ ಆರಿಸಿಕೊಂಡರು. ಇವರಿಗಾಗಿ ಹರಿಕೇನ್ಸ್ ಒಬ್ಬ ಆಟಗಾರನನ್ನೂ ಕೊಡಲಿಲ್ಲ, ಒಂದು ಪಿಕ್ಕನ್ನೂ ಕೊಡಲಿಲ್ಲ. ವರ್ಷಕ್ಕೆ 85 ಲಕ್ಷ ಡಾಲರ್. ಸಹಿ ಹಾಕಿದ್ದು ಆರು ವರ್ಷಕ್ಕೆ.